ಊರ ಚಾವಡಿಯೂ ಅಠಾರಾ ಕಚೇರಿಯೂ



ಸಂಘ ಹುಟ್ಟಿದ ಬಗೆ, ಮೊದಲ ದಿನ ಎಷ್ಟು ಲೀಟರ್ ಹಾಲು ಬಂತು, ಯಾರು ಯಾರು ಅಧ್ಯಕ್ಷರಾಗಿದ್ದರು ಎಂಬುದನ್ನೆಲ್ಲ ನಮ್ಮ ಕಾರ್ಯದರ್ಶಿಯವರು ಈ ರಜತ ಮಹೋತ್ಸವ ಸಂಚಿಕೆಯಲ್ಲಿ ಲೆಕ್ಕಪತ್ರ ಸಮೇತ ಬರೆದಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಸಂಘ ಕೂತಿರುವ ಕಟ್ಟಡದ ಚರಿತ್ರೆ. ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿ ನೇಗಿಲು ಹಿಡಿದ ನಮಗೆ ಚರಿತ್ರೆ ಬರೆಯುವ ಅಭ್ಯಾಸವಿಲ್ಲ. ಆದರೆ ಎರಡು ವರ್ಷದ ಕೆಳಗೆ ಇದೇ ಕಟ್ಟಡವನ್ನು ಕೆಡವಬೇಕೆಂದು ಆಡಳಿತ ಮಂಡಳಿಯಲ್ಲಿ ಕೈ ಎತ್ತಿದ ನಿರ್ದೇಶಕರಲ್ಲಿ ನಾವೂ ಒಬ್ಬರು. ಹಾಗಾಗಿ ಬರೆಯುವ ಋಣ ನಮ್ಮ ಮೇಲೇ ಇದೆ ಎಂದು ತಿಳಿದು ಒಪ್ಪಿಕೊಂಡೆವು.

ಹೊಸದಾಗಿ ಬಂದು ನೆಲೆಸಿದವರಿಗೆ ಇದು ಡೈರಿ. ನಮ್ಮ ಮನೆಗಳಲ್ಲಿ ಮಾತ್ರ ಈಗಲೂ "ಚಾವಡಿ ತಾವ ಹೋಗಿ ಹಾಲು ಹಾಕಿ ಬಾ" ಅಂತಲೇ ಹೇಳೋದು. ಎಂಟು ಕಲ್ಲು ಕಂಬ, ಮುಂದೆ ಮೊಣಕಾಲೆತ್ತರದ ಜಗಲಿ, ಒಂದೂವರೆ ಮೊಳ ದಪ್ಪದ ಗೋಡೆ, ಮೇಲೆ ಮಂಗಳೂರು ಹೆಂಚು. ಕಟ್ಟಿದ ವರ್ಷ ಎಲ್ಲೂ ಕೆತ್ತಿಲ್ಲ. ನಮ್ಮ ತಾತನ ಕಾಲಕ್ಕೇ ಇದು ಹಳೆಯದಾಗಿತ್ತು.

ಇಲ್ಲಿ ಕೂರುತ್ತಿದ್ದವರು ಪಟೇಲರು ಮತ್ತು ಶಾನುಭೋಗರು. ಪಟೇಲರದು ಅಧಿಕಾರ, ಶಾನುಭೋಗರದು ಲೆಕ್ಕ. ತೋಟಿ, ತಳವಾರ, ನೀರುಗಂಟಿ ಇವರೆಲ್ಲ ಜಗಲಿಯ ಕೆಳಗೆ ನಿಲ್ಲುತ್ತಿದ್ದರು. ಕಂದಾಯ ಕಟ್ಟುವುದು ಇಲ್ಲಿ, ಕೆರೆ ತೂಬು ಎತ್ತುವ ಸರದಿ ತೀರ್ಮಾನವಾಗುವುದು ಇಲ್ಲಿ, ಬದು ಒತ್ತಿದ ಜಗಳಕ್ಕೆ ಮಹಜರು ಬರೆಯುವುದು ಇಲ್ಲಿ. ಅಮಲ್ದಾರರು ಜಮಾಬಂದಿಗೆ ಬಂದರೆ ಸಗಣಿ ಸಾರಿಸಿ, ತಳಿರು ಕಟ್ಟುತ್ತಿದ್ದರಂತೆ. ಎಲ್ಲರಿಗೂ ಜಗಲಿ ಹತ್ತುವ ಹಕ್ಕಿರಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಇವತ್ತು ಅದೇ ಜಗಲಿಯ ಮೇಲೆ ಊರಿನ ಎಲ್ಲ ಕೇರಿಯ ಹೆಂಗಸರೂ ಕ್ಯಾನು ಇಟ್ಟುಕೊಂಡು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಮಗೆ ಈ ಕಟ್ಟಡದ ಮೇಲೆ ಅಭಿಮಾನ ಹುಟ್ಟಿದ್ದರೆ ಅದಕ್ಕೆ ಇದೂ ಒಂದು ಕಾರಣ.

ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದು ಮಾಡುವ ಕಾನೂನು 1961ರಲ್ಲಿ ಆಗಿ, 1963ರ ಫೆಬ್ರುವರಿಯಿಂದ ಜಾರಿಗೆ ಬಂತು. ಚಾವಡಿಗೆ ವಿಲೇಜ್ ಅಕೌಂಟೆಂಟ್ ಬಂದರು, ಹೋದರು. ಸ್ವಲ್ಪ ಕಾಲ ಶಾಲೆಯ ಮೂರನೇ ಕ್ಲಾಸು ಇಲ್ಲೇ ನಡೆಯಿತು, ನಾವು ಮಗ್ಗಿ ಕಲಿತದ್ದೂ ಈ ಕಂಬಕ್ಕೆ ಒರಗಿಕೊಂಡೇ. ಆಮೇಲೆ 2000ದ ಹೊತ್ತಿಗೆ "ಭೂಮಿ" ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಪಹಣಿ ಬೇಕಾದರೆ ತಾಲ್ಲೂಕು ಆಫೀಸಿನ ಕಿಟಕಿಗೆ ಹೋಗಬೇಕಾಯಿತು. ಚಾವಡಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಹೆಚ್ಚುಕಡಿಮೆ ಅದೇ ಸಮಯಕ್ಕೆ ಹುಟ್ಟಿದ ನಮ್ಮ ಸಂಘಕ್ಕೆ ತಲೆ ಮೇಲೆ ಸೂರಿರಲಿಲ್ಲ. ಪಂಚಾಯ್ತಿಯವರು ಕರಾರಿನ ಮೇಲೆ ಇದನ್ನು ಕೊಟ್ಟರು. ಕೆಲಸವಿಲ್ಲದ ಕಟ್ಟಡ, ಕಟ್ಟಡವಿಲ್ಲದ ಸಂಘ, ಒಳ್ಳೆ ಸಂಬಂಧ ಕೂಡಿಬಂತು.

ಹೀಗಿರಲಾಗಿ ಕೆಡವುವ ಮಾತು ಯಾಕೆ ಬಂತು? 2021ರ ಆಗಸ್ಟಿನಲ್ಲಿ ಮೆಟ್ರೊ ರೈಲು ಕೆಂಗೇರಿಗೆ ಬಂತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಮುಂದುವರಿಯಿತು. ಅಡಿ ಲೆಕ್ಕದಲ್ಲಿ ಭೂಮಿ ಮಾತಾಡುವ ಕಾಲ ನಮ್ಮ ಹೋಬಳಿಗೂ ಬಂತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಇವೆಲ್ಲ ಒಂದು ಕಾಲಕ್ಕೆ ಹೊಲ, ಗುಂಡುತೋಪು, ಸಣ್ಣ ಸಣ್ಣ ಹಳ್ಳಿಗಳಾಗಿದ್ದವು ಅಂತ ಹಿರಿಯರು ಹೇಳುವುದನ್ನು ಕೇಳಿದ್ದೆವು, ಈಗ ನಮ್ಮ ಸರದಿ. ಚಾವಡಿ ಇರುವುದು ಮುಖ್ಯರಸ್ತೆಗೆ. ಅದನ್ನು ತೆಗೆದು ಮಹಡಿ ಕಟ್ಟಿ, ಕೆಳಗೆ ನಾಲ್ಕು ಅಂಗಡಿ ಬಾಡಿಗೆಗೆ ಬಿಟ್ಟು, ಮೇಲೆ ಸಂಘದ ಆಫೀಸು ಮಾಡಿದರೆ ಬೋನಸ್ಸು ಹೆಚ್ಚು ಕೊಡಬಹುದು ಎಂಬುದು ಲೆಕ್ಕ. ರಜತ ಮಹೋತ್ಸವಕ್ಕೆ ಹೊಸ ಕಟ್ಟಡ ಉದ್ಘಾಟನೆ ಅಂದ್ರೆ ಮಂತ್ರಿಗಳೂ ಬರ್ತಾರೆ! ಇತ್ತ ಹೆಂಚು ಸರಿದು ಎರಡು ಕಡೆ ಸೋರುತ್ತಿತ್ತು, ಪಡುವಣ ಗೋಡೆ ಉಬ್ಬಿತ್ತು, ಒಂದು ತೊಲೆಗೆ ಗೆದ್ದಲು ಹಿಡಿದಿತ್ತು. ಮಂಡಳಿಯಲ್ಲಿ ಒಬ್ಬರು "ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೊಳ್ಳೋಕಾಗುತ್ತೇನ್ರೀ?" ಅಂದರು. ನಾವೆಲ್ಲ ನಕ್ಕು ಕೈ ಎತ್ತಿದೆವು.

ಸರ್ವ ಸದಸ್ಯರ ಸಭೆಯಲ್ಲಿ ಮಾತ್ರ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. ಅವರು ಸಾಮಾನ್ಯವಾಗಿ ಮಾತಾಡುವವರಲ್ಲ. "ಅಲ್ಲ ಕಣ್ರಪ್ಪಾ, ಜಮೀನಿನ ಕೇಸಿಗೆ ಅಂತ ಹೈಕೋರ್ಟಿಗೆ ತಿರುಗಿ ತಿರುಗಿ ನನ್ನ ಚಪ್ಪಲಿ ಸವೆದೋಗವೆ. ಆ ಕೆಂಪು ಕಟ್ಟಡಾನೂ ಒಂದು ಕಾಲಕ್ಕೆ ಕೆಡವ್ತೀವಿ ಅಂತ ಹೊರಟಿದ್ರಂತೆ. ಅದೂ ಚಾವಡೀನೇ, ದೊಡ್ಡ ಚಾವಡಿ. ಅದು ಹೆಂಗೆ ಉಳೀತು ಅಂತ ತಿಳ್ಕೊಂಡು ಬನ್ನಿ. ಆಮೇಲೆ ಬೇಕಾದ್ರೆ ಇದನ್ನ ಕೆಡವೀರಂತೆ" ಅಂದರು. ನಮ್ಮ ಕಡೆ ತಿರುಗಿ, "ನೀನೇ ಹೋಗಿ ಬಾ ಮಗಾ, ನಾಲ್ಕಕ್ಷರ ಓದಿದೀಯ" ಅಂತಲೂ ಸೇರಿಸಿದರು. ಸಭೆಯಲ್ಲಿ ಅವರಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಠರಾವು ಮುಂದಕ್ಕೆ ಹೋಯ್ತು.

ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

ಬ್ರಿಟಿಷರು 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಸರ್ಕಾರದ ಕಚೇರಿಗಳು ಬೆಂಗಳೂರಿನ ಕೋಟೆಯೊಳಗೆ ಟಿಪ್ಪು ಸುಲ್ತಾನರ ಅರಮನೆಯಲ್ಲಿ ಕೂತವು. 1791ರಲ್ಲಿ ಮುಗಿದ ಮರದ ಕಂಬಗಳ ಅರಮನೆ ಅದು, ಈಗಲೂ ಕಲಾಸಿಪಾಳ್ಯದ ಹತ್ತಿರ ನೋಡಬಹುದು. ಗಮನಿಸಬೇಕಾದ್ದೇನಪ್ಪಾ ಅಂದರೆ, ರಾಜನ ಮನೆಯನ್ನು ಗುಮಾಸ್ತರ ಆಫೀಸು ಮಾಡಿಕೊಂಡು ಮೂವತ್ತೇಳು ವರ್ಷ ಕಾಲ ಹಾಕಿದರು. ಇದ್ದ ಕಟ್ಟಡಕ್ಕೆ ಹೊಸ ಕೆಲಸ ಹಚ್ಚುವುದು ನಮ್ಮ ಸಂಘ ಕಂಡುಹಿಡಿದ ವಿದ್ಯೆಯೇನಲ್ಲ.

ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರಾಗಿದ್ದರು. ಅವರ ನಂತರ ಬಂದ ಬೌರಿಂಗ್ ಅವರ ಕಾಲದಲ್ಲಿ ಇಲಾಖೆಗಳು ಹೆಚ್ಚಾದವು. 1863ರಲ್ಲಿ ಸರ್ವೆ ಸೆಟ್ಲ್‌ಮೆಂಟ್ ಇಲಾಖೆ ಶುರುವಾಯಿತು. ನಮ್ಮ ಹೊಲಗಳಿಗೆ ಸರ್ವೆ ನಂಬರು ಬಿದ್ದದ್ದು ಆ ಇಲಾಖೆಯವರ ಸರಪಳಿಯಿಂದಲೇ. ಅರಮನೆಯಲ್ಲಿ ಜಾಗ ಸಾಲದೆ ಹೊಸ ಕಚೇರಿಯನ್ನು 1864ರಲ್ಲಿ ಕಟ್ಟಲು ಹಿಡಿದು 1868ರಲ್ಲಿ ಮುಗಿಸಿದರು. ಕಂದಾಯ ಮತ್ತಿತರ ಹದಿನೆಂಟು ಇಲಾಖೆಗಳು ಕೋಟೆಯಿಂದ ಅಲ್ಲಿಗೆ ಬಂದವು. ಹಿಂದೂಸ್ತಾನಿಯಲ್ಲಿ ಹದಿನೆಂಟಕ್ಕೆ ಅಠಾರಾ ಅನ್ನುತ್ತಾರೆ, ಅದಕ್ಕೇ ಅಠಾರಾ ಕಚೇರಿ ಎಂಬ ಹೆಸರು.

ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಬಡತನದಿಂದ ಮೇಲೆ ಬಂದವರು. ಇಂಥ ಗುತ್ತಿಗೆಗಳಲ್ಲಿ ದುಡಿದ ಹಣದಲ್ಲಿ 1873ರಲ್ಲಿ ದಂಡು ಪ್ರದೇಶದ ಬಡ ಮಕ್ಕಳಿಗೆ ಶಾಲೆ ತೆರೆದರು. ಆರ್.ಬಿ.ಎ.ಎನ್.ಎಂ. ಎಂಬ ಹೆಸರಿನ ಶಾಲೆಗಳು ಅವರ ಹೆಸರಿನವೇ. ಸರ್ಕಾರದ ಗುತ್ತಿಗೆ ಹಿಡಿದು ಶಾಲೆ ಕಟ್ಟಿಸಿದವರೂ ಇದ್ದರು ಅಂತ ಈಗಿನವರಿಗೆ ಹೇಳಿದರೆ ನಂಬುವುದು ಕಷ್ಟ.

ಆ ಕಾಲದ ಸರ್ಕಾರದ ಏಣಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ನಮ್ಮ ಚಾವಡಿಯಲ್ಲಿ ಶಾನುಭೋಗರು ಬರೆದ ಲೆಕ್ಕ ಹೋಬಳಿಯ ಶೇಕದಾರರಿಗೆ, ಅಲ್ಲಿಂದ ತಾಲ್ಲೂಕಿನ ಅಮಲ್ದಾರರಿಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ಅಠಾರಾ ಕಚೇರಿಗೆ. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿ ಬಂದ ಮೇಲೂ ದಿವಾನರ ಸರ್ಕಾರ ನಡೆದದ್ದು ಆ ಕಟ್ಟಡದಿಂದಲೇ. ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಇವರೆಲ್ಲರ ಕಾಲವೂ ಅದರಲ್ಲಿ ಸೇರಿತು. ನಮ್ಮೂರ ಕೆರೆ ಕೋಡಿ ಬಿದ್ದು ಕಂದಾಯ ಮಾಫಿ ಆಗಬೇಕಾದರೆ ಅರ್ಜಿ ಹತ್ತಬೇಕಾಗಿದ್ದದ್ದು ಈ ಏಣಿಯನ್ನೇ. ಮೇಲಿನ ತುದಿಯಲ್ಲಿ ಆ ಕಟ್ಟಡ, ಕೆಳಗಿನ ತುದಿಯಲ್ಲಿ ಈ ಕಟ್ಟಡ. ಹಿರಿಯರು "ದೊಡ್ಡ ಚಾವಡಿ" ಅಂದದ್ದು ಬಾಯಿಮಾತಿಗಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೆಂಗಲ್ ಹನುಮಂತಯ್ಯನವರು ಎದುರಿಗೇ ವಿಧಾನಸೌಧ ಎಬ್ಬಿಸಿದರು. 1951ರ ಜುಲೈಯಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು, 1956ರಲ್ಲಿ ಮುಗಿಯಿತು. ಸಚಿವಾಲಯ ರಸ್ತೆ ದಾಟಿ ಅಲ್ಲಿಗೆ ಹೋಯಿತು, ಅಠಾರಾ ಕಚೇರಿ ಹೈಕೋರ್ಟಿಗೆ ಉಳಿಯಿತು. ಹದಿನೆಂಟು ಇಲಾಖೆ ಹೋದರೂ ಹೆಸರು ಹೋಗಲಿಲ್ಲ. ನಮ್ಮ ಚಾವಡಿಯಿಂದ ಪಟೇಲರು ಹೋದರೂ ಚಾವಡಿ ಎಂಬ ಹೆಸರು ಹೋಗದ ಹಾಗೆ.

ಈಗ ಕೆಡವುವ ಕಥೆಗೆ ಬರೋಣ. ರಾಜ್ಯ ದೊಡ್ಡದಾಯಿತು, ಕೇಸುಗಳು ಹೆಚ್ಚಾದವು, ಹೈಕೋರ್ಟಿಗೆ ಜಾಗ ಸಾಲದಾಯಿತು. 1980ರ ದಶಕದ ಮೊದಲಲ್ಲಿ ಹಳೆಯದನ್ನು ತೆಗೆದು ಹೊಸದು ಕಟ್ಟುವ ಯೋಚನೆ ಸರ್ಕಾರದ ಮಟ್ಟದಲ್ಲೇ ಬಂತು. ನಗರದ ಕೆಲವು ನಾಗರಿಕರು ಇದು ಕೂಡದು ಎಂದು ನ್ಯಾಯಾಲಯಕ್ಕೆ ಹೋದರು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅನ್ನುವುದು ಆಗಿನ್ನೂ ನಮ್ಮ ರಾಜ್ಯಕ್ಕೆ ಹೊಸದು. ತಮಾಷೆಯೆಂದರೆ, ಆ ಕಟ್ಟಡ ಇರಬೇಕೋ ಬೀಳಬೇಕೋ ಎಂಬ ವಾದ ನಡೆದದ್ದು ಅದೇ ಕಟ್ಟಡದಲ್ಲಿ ಕೂರುತ್ತಿದ್ದ ಹೈಕೋರ್ಟಿನ ಮುಂದೆ. ಆರೋಪಿ ತಾನೇ ನ್ಯಾಯಾಧೀಶರ ತಲೆ ಮೇಲೆ ಸೂರಾಗಿ ನಿಂತಿದ್ದ ಕೇಸು ಬೇರೆ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಅಂತೂ ಕಟ್ಟಡ ಉಳಿಯಿತು.

ನಮಗೆ ಮುಖ್ಯ ಅನ್ನಿಸಿದ್ದು ಉಳಿದದ್ದಕ್ಕಿಂತ ಉಳಿಸಿದ ರೀತಿ. ಜಾಗ ಸಾಲದು ಎಂಬ ಮಾತು ಸುಳ್ಳಲ್ಲವಲ್ಲ? ಅದಕ್ಕೆ ಉತ್ತರ ಕೊಡದೆ "ಹಳೆಯದು, ಚೆಂದ ಇದೆ" ಅಂತ ಹೇಳಿದ್ದರೆ ಯಾರೂ ಬಹಳ ದಿನ ಕೇಳುತ್ತಿರಲಿಲ್ಲ. ಮುಂದಿನ ಕಂಬಸಾಲು, ಕೆಂಪು ಗೋಡೆ, ಎರಡು ಅಂತಸ್ತಿನ ಹಳೆಯ ರೂಪ ಇವನ್ನು ಹಾಗೇ ಬಿಟ್ಟು ಹಿಂಬದಿಗೆ ಹೊಸ ಕಟ್ಟಡ ಬೆಳೆಸಿದರು. ಬಣ್ಣವೂ ಅದೇ ಕೆಂಪು. ಕಬ್ಬನ್ ಪಾರ್ಕಿನ ಕಡೆಯಿಂದ ಸುತ್ತಿ ಬಂದರೆ ಎಲ್ಲಿ ಹಳತು ನಿಂತಿತು ಎಲ್ಲಿ ಹೊಸತು ಶುರುವಾಯಿತು ಅಂತ ನಮ್ಮಂಥವರು ನಿಂತು ಹುಡುಕಬೇಕು. ಮುಂದೆ ಕುದುರೆ ಮೇಲೆ ಕೂತಿದ್ದ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಪಾರ್ಕಿನೊಳಕ್ಕೆ ಸಾಗಿಸಿದರು. ಕಮಿಷನರ್ ಹೋದರು, ಕಚೇರಿ ಇದೆ, ಬೆಳಗಾದರೆ ಕರಿಕೋಟಿನವರು, ನಮ್ಮಂಥ ಫೈಲು ಹಿಡಿದ ರೈತರು ಅದರ ಒಳಗೆ ಓಡಾಡುತ್ತಲೇ ಇದ್ದಾರೆ.

ಓಡಾಟ ನಿಂತರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿಗೆ ಹೋಗಬೇಕು. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ 1892ರಲ್ಲಿ ಬಂದದ್ದರ ನೆನಪಿಗೆ ಹೆಸರಿಟ್ಟ ಲ್ಯಾನ್ಸ್‌ಡೌನ್ ಕಟ್ಟಡ ದೊಡ್ಡ ಗಡಿಯಾರದ ಆಸುಪಾಸಿನಲ್ಲೇ ಇದೆ. ಕೆಳಗೆಲ್ಲ ಅಂಗಡಿ ಸಾಲು, ಪುಸ್ತಕದ ಅಂಗಡಿಗಳಿಗೆ ಹೆಸರುವಾಸಿ. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. ಅಂಗಡಿಗಳನ್ನು ಖಾಲಿ ಮಾಡಿಸಿದರು. ಒಡೆಯಬೇಕು, ರಿಪೇರಿ ಮಾಡಬೇಕು ಎಂಬ ವಾದ ವರ್ಷಾನುಗಟ್ಟಲೆ ನಡೆಯಿತು, ಅಷ್ಟೂ ಕಾಲ ಕಟ್ಟಡ ಮಳೆ ಬಿಸಿಲಿಗೆ ಮೈಯೊಡ್ಡಿ ಬರಿದೇ ನಿಂತಿತ್ತು. ಅಲ್ಲೇ ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ 2016ರಲ್ಲಿ ಬಿತ್ತು. ಹಳೆಯದನ್ನು ಉಳಿಸಿ ಅಂತ ಬಾಯಲ್ಲಿ ಹೇಳಿ ಹೆಂಚು ಸರಿಮಾಡದೆ ಕೂತರೆ ಅದು ಕಟ್ಟಡಕ್ಕೂ ದ್ರೋಹ, ಅದರ ಕೆಳಗೆ ನಿಂತವರಿಗೂ ದ್ರೋಹ. ಈ ಮಾತನ್ನು ನಾವು ಸಭೆಯಲ್ಲೂ ಹೇಳಿದೆವು. ಕೆಡವಲು ಇಷ್ಟವಿಲ್ಲದವರು ಕೈಯಿಂದ ದುಡ್ಡು ಬಿಚ್ಚಬೇಕು, ಇಲ್ಲದಿದ್ದರೆ ಕೆಡವುವವರೇ ಸರಿ.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಇನ್ನೊಂದು ಬಗೆ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಒಂದಷ್ಟು ಗೋಡೆ, ಕಾವಲು ಗೋಪುರ ಉಳಿಸಿಕೊಂಡು 2008ರಲ್ಲಿ ಫ್ರೀಡಂ ಪಾರ್ಕ್ ಅಂತ ತೆರೆದರು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು ಅದು. ಈಗ ರೈತರ ಧರಣಿಗೆ ಅಂತ ಹೋದರೆ ನಾವು ಕೂರುವುದು ಅಲ್ಲೇ. ಒಳಗೆ ಹಾಕುತ್ತಿದ್ದ ಜಾಗದಲ್ಲಿ ಕೂತು ಘೋಷಣೆ ಕೂಗೋದು!

ಇನ್ನು ನಮ್ಮ ಚಾವಡಿ. ಸಿವಿಲ್ ಇಂಜಿನಿಯರ್ ಆಗಿರುವ ನಮ್ಮೂರ ಹುಡುಗನೊಬ್ಬನನ್ನು ಕರೆಸಿ ತೋರಿಸಿದೆವು. ಅವನು ಗೋಡೆ ತಟ್ಟಿ ನೋಡಿದ, ತೊಲೆಗೆ ಉಳಿ ಚುಚ್ಚಿದ, ತಳಪಾಯ ಒಂದು ಕಡೆ ಅಗೆಸಿದ. "ಅಣ್ಣಾ, ಕಂಬ, ತಳಪಾಯ ನೂರು ವರ್ಷ ಏನೂ ಆಗಲ್ಲ. ರೋಗ ಇರೋದು ಮೂರು ಕಡೆ, ಅದರಲ್ಲಿ ಎರಡು ನೀವೇ ತಂದುಕೊಂಡಿದ್ದು" ಅಂದ.

ನಾವು ತಂದುಕೊಂಡ ಮೊದಲನೇ ರೋಗ ಸಿಮೆಂಟು. ಹದಿನೈದು ವರ್ಷದ ಕೆಳಗೆ ಪಡುವಣ ಗೋಡೆ ಉದುರುತ್ತಿದೆ ಅಂತ ಸಂಘದ ಖರ್ಚಿನಲ್ಲಿ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದ್ದೆವು, ಆಗ ಎಲ್ಲರೂ ಭೇಷ್ ಅಂದಿದ್ದರು. ಹಳೆಯ ಗೋಡೆ ಕಲ್ಲು, ಇಟ್ಟಿಗೆ, ಸುಣ್ಣದ ಗಾರೆಯದು. ಅದು ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ, ಉಸಿರಾಡುವ ಮೈ. ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವಕ್ಕೆ ದಾರಿಯಿಲ್ಲ. ಉಪ್ಪು ಒಳಗೇ ಕಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ, ಗೋಡೆ ಉಬ್ಬುತ್ತದೆ. ಒದ್ದೆ ಬಟ್ಟೆ ಮೇಲೆ ಪ್ಲಾಸ್ಟಿಕ್ ಕೋಟು ತೊಟ್ಟ ಹಾಗೆ. ಎರಡನೇ ರೋಗ, ಹಾಲಿನ ಕ್ಯಾನು ತೊಳೆದ ನೀರನ್ನು ಗೋಡೆ ಬುಡಕ್ಕೇ ಬಿಟ್ಟಿದ್ದು. ಮೂರನೆಯದು ಗೆದ್ದಲು. ಅದೊಂದು ಮಾತ್ರ ದೇವರು ಕೊಟ್ಟದ್ದು.

ಸಿಮೆಂಟು ಕಿತ್ತು ಗಾರೆ ಹಾಕಬೇಕು ಅಂದ ಕೂಡಲೇ ಹೊಸ ತೊಂದರೆ ಎದುರಾಯಿತು. ನಮ್ಮ ಕಡೆ ಮನೆ ಕಟ್ಟುವವರಿಗೆ ಈಗಲೂ ಗಾರೆ ಕೆಲಸದವರು ಅಂತಲೇ ಹೆಸರು, ಆದರೆ ಗಾರೆ ಅರೆಯಲು ಬರುವವರು ಹೋಬಳಿಯಲ್ಲಿ ಹುಡುಕಿದರೂ ಸಿಗಲಿಲ್ಲ! ಕಡೆಗೆ ಮಾಗಡಿ ಕಡೆಯಿಂದ ದೇವಸ್ಥಾನದ ಕೆಲಸ ಮಾಡುವ ಒಬ್ಬ ಮುದುಕರನ್ನು ಕರೆತಂದೆವು. ಅವರು ಗುಂಡಿ ತೋಡಿಸಿ ಸುಣ್ಣ ನೆನೆಹಾಕಿಸಿ ಮೂರು ವಾರ ಮುಟ್ಟಗೊಡಲಿಲ್ಲ. "ಸುಣ್ಣ ಮಾಗಬೇಕು ಸಾಮಿ, ಹೆಣ್ಣು ನೋಡೋಕೆ ಬಂದಂಗೆ ಅವಸರ ಮಾಡಬ್ಯಾಡಿ" ಅನ್ನುತ್ತಿದ್ದರು. ಆಮೇಲೆ ಮರಳು, ಇಟ್ಟಿಗೆ ಪುಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಅರೆಸಿದರು. ನಮ್ಮ ಇಬ್ಬರು ಹುಡುಗರು ಅವರ ಜೊತೆ ನಿಂತು ಕಲಿತರು. ಅವರನ್ನು ಈಗ ಬೇರೆ ಊರಿನವರು ಕರೆಯುತ್ತಿದ್ದಾರೆ ಎಂದು ಕೇಳಿದ್ದೇವೆ.

ಖರ್ಚಿನ ಮಾತು ಬಂದರೆ, ಹೊಸ ಮಹಡಿಗೆ ಬಂದಿದ್ದ ಅಂದಾಜಿನ ಮೂರನೇ ಒಂದು ಪಾಲೂ ಇದಕ್ಕೆ ತಗುಲಲಿಲ್ಲ. ಆದರೆ ದುಡ್ಡಿನ ಲೆಕ್ಕ ಒಂದೇ ಲೆಕ್ಕವಲ್ಲ ಅಂತ ಆ ಇಂಜಿನಿಯರ್ ಹುಡುಗ ನಮಗೆ ಕಲಿಸಿದ. ಸುಣ್ಣದ ಕಲ್ಲನ್ನು ಸುಡಲು ಸುಮಾರು 900 ಡಿಗ್ರಿ ಕಾವು ಸಾಕು, ಸಿಮೆಂಟಿಗೆ 1,450 ಡಿಗ್ರಿ ಬೇಕು. ಒಂದು ಟನ್ ಸಿಮೆಂಟ್ ತಯಾರಾಗುವಷ್ಟರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಟನ್ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಣ್ಣ ಸುಡುವಾಗಲೂ ಹೊಗೆ ಬರುತ್ತದೆ, ಆದರೆ ಗಾರೆ ಗೋಡೆಯಲ್ಲಿ ಗಟ್ಟಿಯಾಗುವಾಗ ಅದರಲ್ಲಿ ಒಂದು ಭಾಗವನ್ನು ಗಾಳಿಯಿಂದ ವಾಪಸು ಹೀರಿಕೊಳ್ಳುತ್ತದೆ. ಇದೆಲ್ಲಕ್ಕಿಂತ ದೊಡ್ಡದು, ನಮ್ಮ ಚಾವಡಿಯ ಕಲ್ಲು ಒಡೆದದ್ದು, ಇಟ್ಟಿಗೆ ಸುಟ್ಟದ್ದು, ಎತ್ತಿನ ಗಾಡಿಯಲ್ಲಿ ಸಾಗಿಸಿದ್ದು ಎಲ್ಲ ನಮ್ಮ ಅಜ್ಜಂದಿರ ಕಾಲಕ್ಕೇ ಆಗಿಹೋಗಿದೆ. ಕೆಡವಿದರೆ ಆ ಕೂಲಿಯನ್ನು ಮಣ್ಣುಪಾಲು ಮಾಡಿ ಮತ್ತೆ ಮೊದಲಿಂದ ಸುಡಬೇಕು, ಒಡೆಯಬೇಕು, ಸಾಗಿಸಬೇಕು.

ಆ ಮಣ್ಣಾದರೂ ಎಲ್ಲಿಗೆ ಹೋಗುತ್ತಿತ್ತು? ಕಟ್ಟಡದ ಅವಶೇಷ ಎಲ್ಲೆಂದರಲ್ಲಿ ಸುರಿಯಬಾರದು ಅಂತ 2016ರಲ್ಲೇ ನಿಯಮ ಬಂದಿದೆ. ಆದರೂ ರಾತ್ರಿ ಹೊತ್ತು ಟಿಪ್ಪರ್‌ಗಳು ಕೆರೆ ಅಂಗಳಕ್ಕೆ, ರಾಜಕಾಲುವೆ ದಂಡೆಗೆ ಬಂದು ಖಾಲಿಯಾಗುವುದನ್ನು ಈ ಭಾಗದವರೆಲ್ಲ ನೋಡಿದ್ದೀರಿ. ವೃಷಭಾವತಿಯ ಸ್ಥಿತಿಯನ್ನು ಬೇರೆ ಬರೆಯಬೇಕಾಗಿಲ್ಲ. ನಮ್ಮ ಹಿರಿಯರು ಅದರಲ್ಲಿ ಈಜು ಕಲಿತವರು, ಈಗ ಅದನ್ನು ದಾಟುವಾಗ ಬಸ್ಸಿನ ಕಿಟಕಿ ಮುಚ್ಚುತ್ತೇವೆ.

ಸಂಘದ ಕೆಲಸ ನಡೆಯದಿದ್ದರೆ ಇಷ್ಟೆಲ್ಲ ಮಾಡಿ ಪ್ರಯೋಜನವಿಲ್ಲ ಎಂಬುದು ಮಂಡಳಿಯ ಖಡಾಖಂಡಿತ ನಿಲುವಾಗಿತ್ತು. ಹಾಲು ಶೇಖರಣೆಗೆ ತೊಳೆಯುವಂಥ ನೆಲ ಬೇಕು. ಕಲ್ಲು ಚಪ್ಪಡಿ ಎಬ್ಬಿಸಿ ಮಟ್ಟ ಮಾಡಿ, ಸಂದು ತುಂಬಿಸಿ, ಹೊರಕ್ಕೆ ಇಳಿಜಾರು ಕೊಟ್ಟೆವು. ತೊಳೆದ ನೀರು ಈಗ ಗೋಡೆ ಬುಡಕ್ಕಲ್ಲದೆ ಹಿತ್ತಲಿನ ಬಾಳೆಗೆ ಹೋಗುತ್ತದೆ. ಹೈಕೋರ್ಟಿನವರು ಮಾಡಿದಂತೆ ಹೊಸದೆಲ್ಲ ಹಿಂಬದಿಗೆ. ಬಲ್ಕ್ ಕೂಲರಿಗೆ ಹಿತ್ತಲಲ್ಲಿ ಪ್ರತ್ಯೇಕ ಕೊಠಡಿ ಕಟ್ಟಿಸಿದೆವು, ಅದರ ಮಿಷನ್ನಿನ ಅದುರು ಹಳೆಯ ಗೋಡೆಗೆ ತಾಕಬಾರದು ಅಂತ ಮೂರಡಿ ಸಂದು ಬಿಟ್ಟಿದ್ದೇವೆ. ಗೆದ್ದಲು ತಿಂದ ತೊಲೆಯನ್ನು ಪೂರಾ ತೆಗೆಯಲಿಲ್ಲ. ಕೆಟ್ಟ ಭಾಗ ಕೊಯ್ದು ಗಟ್ಟಿ ಮರ ಕೂಡಿಸಿ ಕಬ್ಬಿಣದ ಪಟ್ಟಿ ಬಿಗಿದರು. ಹೆಂಚು ಇಳಿಸಿ ತೊಳೆದಾಗ ನಾಲ್ಕರಲ್ಲಿ ಮೂರು ಪಾಲು ಗಟ್ಟಿ ಇದ್ದವು, ಒಡೆದ ಜಾಗಕ್ಕೆ ಕೆಡವಿದ ಹಳೆ ಮನೆಗಳ ಹೆಂಚು ಕೊಂಡು ತಂದೆವು.

ಮಳೆನೀರಿನ ಲೆಕ್ಕ ನಮಗೆ ಬಹಳ ಹಿಡಿಸಿತು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 970 ಮಿಲಿಮೀಟರ್. ನಮ್ಮ ಸೂರು ಸುಮಾರು ಸಾವಿರ ಚದರಡಿ, ಅಂದರೆ 93 ಚದರ ಮೀಟರ್. ಗುಣಿಸಿದರೆ ವರ್ಷಕ್ಕೆ 90 ಸಾವಿರ ಲೀಟರ್. ಚೆಲ್ಲಿದ್ದು, ಆವಿಯಾದದ್ದು ಕಳೆದರೂ 70 ಸಾವಿರಕ್ಕೆ ಮೋಸವಿಲ್ಲ. ಹೆಂಚಿನ ಅಂಚಿಗೆ ದೋಣಿ ಕಟ್ಟಿ ತೊಟ್ಟಿಗೆ ಇಳಿಸಿದ್ದೇವೆ, ತುಂಬಿ ಹೆಚ್ಚಾದದ್ದು ಹಳೆ ಸೇದುವ ಬಾವಿಗೆ. ಕ್ಯಾನು ತೊಳೆಯುವ ಮೊದಲ ಸುತ್ತಿಗೆ, ನೆಲ ತೊಳೆಯಲಿಕ್ಕೆ ಆ ನೀರೇ. ಕಡೆಯ ಸುತ್ತಿಗೆ ಮಾತ್ರ ಕೊಳವೆ ಬಾವಿಯ ನೀರು. ಬೇಸಿಗೆಯಲ್ಲಿ ಒಳಗೆ ಕೂತ ಪರೀಕ್ಷಕರು ಮಧ್ಯಾಹ್ನವೂ ಫ್ಯಾನು ಹಾಕುವುದಿಲ್ಲ. ಆ ದಪ್ಪ ಗೋಡೆ, ಎತ್ತರದ ಸೂರು ಯಾವ ಇಂಜಿನಿಯರನ್ನೂ ಕೇಳದೆ ನಮ್ಮ ಹಿರಿಯರು ಮಾಡಿದ್ದು.

ಎಲ್ಲರಿಗೂ ಸಮಾಧಾನವಾಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ನಾಲ್ಕು ಅಂಗಡಿಯ ಬಾಡಿಗೆ ಬಿಟ್ಟುಕೊಟ್ಟಿದ್ದೇವೆ, ಅದು ನಿಜ. ಒಂದೆರಡು ಹಸು ಕಟ್ಟಿಕೊಂಡು ಜೀವನ ಮಾಡುವ ಸದಸ್ಯರಿಗೆ ವರ್ಷಕ್ಕೆ ಬರುವ ನಾಲ್ಕು ಕಾಸು ಬೋನಸ್ಸು ಸಣ್ಣದಲ್ಲ. ಸಭೆಯಲ್ಲಿ ವಿಧವೆ ಸದಸ್ಯೆಯೊಬ್ಬರು "ಗೋಡೆಗೆ ಬೆಲ್ಲ ಹಾಕಿದ್ರಿ, ನನ್ನ ಮಕ್ಕಳ ಬಾಯಿಗೆ?" ಎಂದು ಕೇಳಿದಾಗ ನಮ್ಮ ಹತ್ತಿರ ಉತ್ತರವಿರಲಿಲ್ಲ. ಹಿತ್ತಲ ಮೂಲೆಯಲ್ಲಿ, ಚಾವಡಿಗೆ ತಗಲದಂತೆ, ಎರಡು ಸಣ್ಣ ಮಳಿಗೆ ಕಟ್ಟಿ ಒಂದನ್ನು ಸ್ತ್ರೀಶಕ್ತಿ ಸಂಘಕ್ಕೆ ಕಡಿಮೆ ಬಾಡಿಗೆಗೆ ಕೊಡುವ ವಿಚಾರ ಈ ವರ್ಷದ ಸರ್ವ ಸದಸ್ಯರ ಸಭೆಯ ಮುಂದೆ ಬರಲಿದೆ. ಸದಸ್ಯರು ದಯಮಾಡಿ ತಪ್ಪದೆ ಬಂದು ಪರವೋ ವಿರೋಧವೋ ಹೇಳಬೇಕು.

ರಜತ ಮಹೋತ್ಸವಕ್ಕೆ ಬಂದವರು ಪಡುವಣ ಗೋಡೆ ಬರೀ ಇಟ್ಟಿಗೆಯಲ್ಲಿ ನಿಂತಿದೆ, ಹಬ್ಬದ ದಿನವೂ ಬಳಿಸಲಿಲ್ಲವೇ ಎಂದು ಕೇಳಬಹುದು. ಹದಿನೈದು ವರ್ಷದ ತೇವ ಪೂರಾ ಆರುವವರೆಗೆ ಗಾರೆ ಹಚ್ಚಬಾರದು ಅಂತ ಮಾಗಡಿಯ ಯಜಮಾನರ ಅಪ್ಪಣೆಯಾಗಿದೆ. ಸಂಕ್ರಾಂತಿ ಕಳೆದ ಮೇಲೆ ಅವರೇ ಬಂದು ಕೈಯಿಟ್ಟು ನೋಡಿ ಹೇಳುತ್ತಾರಂತೆ. ಹಿತ್ತಲ ಗುಂಡಿಯಲ್ಲಿ ಸುಣ್ಣ ನೆನೆಯುತ್ತಿದೆ, ಮಕ್ಕಳನ್ನು ಆ ಕಡೆ ಬಿಡಬೇಡಿ.